ಕೆಎಂಎಲ್ ಕಡತದ ದೋಷಗಳನ್ನು ತಾನಾಗಿಯೇ ಸರಿಪಡಿಸುವ ತಂತ್ರಾಂಶ ಯಾವುದು?

ನೀವು ಬರೆದಂತೆ, ಕಲಬುರಗಿ ಸುತ್ತಲಿನ ಕೆರೆಗಳ ನಿಮ್ಮ ಕೆಎಂಎಲ್ ಕಡತ (ನಕ್ಷೆಯ ಬಿಂದು, ಗೆರೆಗಳನ್ನು ಬರೆದಿಡುವ ಕಡತ) ದೋಷವಿರುವ ಸಾಲಿನ ಸಂಖ್ಯೆ ತೋರಿಸಿ, ತೆರೆಯದೆ ನಿಂತಿದೆ. ಕನಿಷ್ಠ ಅದು ನಿಮಗೆ ತಪ್ಪಿನ ಜಾಗವನ್ನಾದರೂ ಹೇಳುತ್ತಿದೆ. ನನ್ನ ಕಡತ ಯಾವ ತಕರಾರೂ ಇಲ್ಲದೆ ತೆರೆದುಕೊಂಡಿತ್ತು, ನಷ್ಟವಾದದ್ದು ಅದರಿಂದಲೇ.

ಬೀದರ್‌ನ ನೌಬಾದ್ ಬಳಿ ಕರೇಜ್ ಇದೆ. ಊರಿನವರು ಸುರಂಗ ಬಾವಿ ಎನ್ನುತ್ತಾರೆ. 15ನೇ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ, ಜಂಬಿಟ್ಟಿಗೆ ನೆಲವನ್ನು ಕೊರೆದು ಮಾಡಿದ ನೀರಿನ ದಾರಿ ಅದು. ಅದರುದ್ದಕ್ಕೂ ನೆಲದ ಮೇಲಿನಿಂದ ಇಳಿಸಿದ ಗಾಳಿಬಾವಿಗಳಿವೆ. ಇವುಗಳಲ್ಲಿ ಕೆಲವು ಮುಳ್ಳುಪೊದೆಯೊಳಗೆ ಸೇರಿ, ಕೆಲವು ಹೂತುಹೋಗಿ, ಉಪಗ್ರಹ ಚಿತ್ರದಲ್ಲಿ ಕಾಣುತ್ತಿರಲಿಲ್ಲ. ಹಿಂದೆ ಯಾರೋ ಜಿಪಿಎಸ್ ಹಿಡಿದು ಬರೆದಿಟ್ಟ ಅಳತೆಗಳನ್ನು ನಕ್ಷೆಗೆ ಏರಿಸುವ ಕೆಲಸ ನನಗೆ ಬಂದಿತ್ತು.

ಪುಸ್ತಕದಲ್ಲಿ 17°55.412 ಎಂಬಂಥ ಅಂಕಿಗಳಿದ್ದವು. ಅದನ್ನು 17 ಡಿಗ್ರಿ, 55 ನಿಮಿಷ, 41.2 ಸೆಕೆಂಡ್ ಎಂದು ಓದಿಕೊಂಡು ಸೂತ್ರ ಬರೆದೆ. ಅದು ಇದ್ದದ್ದು 55.412 ನಿಮಿಷ. ಕೈಯಲ್ಲಿ ಹಿಡಿಯುವ ಹಲವು ಜಿಪಿಎಸ್ ಸಾಧನಗಳು ನಿಮಿಷವನ್ನು ಹೀಗೆ ದಶಮಾಂಶದಲ್ಲೇ ತೋರಿಸುತ್ತವೆ. ಸರಿಯಾದ ಉತ್ತರ 17.92353, ನನ್ನ ಸೂತ್ರ ಕೊಟ್ಟದ್ದು 17.92811. ಅಷ್ಟಕ್ಕೇ ಬಾವಿ ಅರ್ಧ ಕಿಲೋಮೀಟರ್ ಉತ್ತರಕ್ಕೆ ಸರಿಯಿತು. ರೇಖಾಂಶಕ್ಕೂ ಅದೇ ಸೂತ್ರ, ಆದ್ದರಿಂದ ಪೂರ್ವಕ್ಕೂ ಸರಿಯಿತು. ಒಂದೇ ನಿಮಿಷದೊಳಗಿನ ಬಿಂದುಗಳೆಲ್ಲ ಒಂದೇ ಪ್ರಮಾಣದಲ್ಲಿ ಹಿಗ್ಗಿದ್ದರಿಂದ ಗೆರೆಯ ದಿಕ್ಕು ಬದಲಾಗಲಿಲ್ಲ. ಬಾವಿಗಳ ನಡುವಿನ ಅಂತರ ಮಾತ್ರ ಸುಮಾರು 1.67 ಪಟ್ಟಾಯಿತು. ಸುರಂಗದ ಗೆರೆ ಸುರಂಗದ ಗೆರೆಯಂತೆಯೇ ಕಾಣುತ್ತಿತ್ತು. ಕಡತ ಪರೀಕ್ಷಿಸುವ ತಂತ್ರಾಂಶವೂ ‘ದೋಷವಿಲ್ಲ’ ಎಂದಿತು. ಆಳುಗಳನ್ನು ಕರೆದೊಯ್ದು ಆ ಜಾಗಗಳಲ್ಲಿ ಪೊದೆ ಕಡಿಸಿದೆವು, ಅಗೆಸಿದೆವು. ಬಾವಿ ಸಿಗಲಿಲ್ಲ. ಕೂಲಿ ನನ್ನ ಕೈಯಿಂದ ಹೋಯಿತು, ಕೆಲಸ ಬೇರೆಯವರ ಪಾಲಾಯಿತು.

ಸುಳಿವು ಅದೇ ಪುಸ್ತಕದಲ್ಲಿತ್ತು. ಒಂದು ಅಳತೆ 55.812 ಎಂದಿತ್ತು, ನನ್ನ ಲೆಕ್ಕದಲ್ಲಿ 81.2 ಸೆಕೆಂಡ್. ಸೆಕೆಂಡು 60 ಮುಟ್ಟುವಂತೆಯೇ ಇಲ್ಲ! ಸೂತ್ರ ಮಾತ್ರ ಅದನ್ನೂ ತಕರಾರಿಲ್ಲದೆ 3600ರಿಂದ ಭಾಗಿಸಿತು. ನಿಮ್ಮ ಅಳತೆಗಳೂ ಕಾಗದದಿಂದ ಬಂದಿದ್ದರೆ, 60 ದಾಟಿದ ಸೆಕೆಂಡುಗಳಿವೆಯೇ ಎಂದು ಮೊದಲು ಹುಡುಕಿ.

ಆದ್ದರಿಂದ ತಾನಾಗಿ ಸರಿಪಡಿಸುವ ತಂತ್ರಾಂಶವನ್ನು ನಾನು ಸೂಚಿಸುವುದಿಲ್ಲ. ಅದು ಕಡತವನ್ನು ತೆರೆಯುವಂತೆ ಮಾಡೀತು, ಕೆರೆ ಎಲ್ಲಿದೆ ಎಂಬುದು ಅದಕ್ಕೇನು ಗೊತ್ತು? ಮೂಲ ಕಡತದ ಪ್ರತಿಯೊಂದನ್ನು ತೆಗೆದಿಡಿ. ‘ಎಕ್ಸ್‌ಎಂಎಲ್‌ಲಿಂಟ್’ ಎಂಬ ಉಚಿತ ಉಪಕರಣದಿಂದ ಪರೀಕ್ಷಿಸಿ, ಅದು ತೋರಿಸುವ ಮೊದಲ ದೋಷವನ್ನಷ್ಟೇ ತಿದ್ದಿ ಮತ್ತೆ ಪರೀಕ್ಷಿಸಿ. ಉಳಿದವು ಎಷ್ಟೋ ಸಲ ಮೊದಲನೆಯದರ ಮಕ್ಕಳು. ನಿಮ್ಮ ಸಾಲಿನಲ್ಲಿ ಊರಿನ ಹೆಸರಿನ ನಡುವೆ ಬರಿಯ ‘&’ ಚಿಹ್ನೆ ಇದೆಯೇ ನೋಡಿ. ಕೆಎಂಎಲ್ ಕಡತ ಅನುಸರಿಸುವ ಎಕ್ಸ್‌ಎಂಎಲ್ ಎಂಬ ಬರಹದ ನಿಯಮದಲ್ಲಿ ಅದು ಹಾಗೆ ಒಂಟಿಯಾಗಿ ಬರುವಂತಿಲ್ಲ. ಅದರ ಬದಲು ‘ಮತ್ತು’ ಎಂದು ಬರೆದರೆ ಸಾಕು.

ಅದು ದಾಟಿದ ಮೇಲೆ ಅಂಕಿಗಳಿಗೆ ಬನ್ನಿ. ಕೆಎಂಎಲ್‌ನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ನಂತರ: ಕಲಬುರಗಿ ಎಂದರೆ 76.83,17.33. ತಿರುಗಿಸಿದರೆ ನಿಮ್ಮ ಕೆರೆ ಉತ್ತರ ಧ್ರುವದ ಕಡೆ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರ ಬೀಳುತ್ತದೆ. ಅಲ್ಪವಿರಾಮದ ನಂತರ ಜಾಗ ಬಿಡಬೇಡಿ, ಏಕೆಂದರೆ ಜಾಗ ಬಿಟ್ಟರೆ ಅಲ್ಲಿಂದ ಹೊಸ ಬಿಂದು ಎಂದರ್ಥ. ಅಂಕಿಗಳು ೭೬ ಎಂದು ಕನ್ನಡದಲ್ಲಿದ್ದರೆ 76 ಮಾಡಿ. ಹೆಸರುಗಳು ಕನ್ನಡದಲ್ಲೇ ಇರಲಿ, ದಯವಿಟ್ಟು ಅವನ್ನು ಇಂಗ್ಲಿಷಿಗೆ ತಿರುಗಿಸಬೇಡಿ. ಯೂನಿಕೋಡ್‌ನಲ್ಲಿ ಬರೆದು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಉಳಿಸಿದರೆ ಯಾವ ತೊಂದರೆಯೂ ಇಲ್ಲ. ಕೆರೆಯ ಅಂಚಿನ ಗೆರೆ ಆರಂಭಿಸಿದ ಬಿಂದುವಿನಲ್ಲೇ ಮುಗಿಯಬೇಕು.

ಕೊನೆಗೆ ನೀವು ಕಣ್ಣಾರೆ ಕಂಡ ಒಂದು ಕೆರೆಯನ್ನು, ಕಲಬುರಗಿಯ ಅಪ್ಪನ ಕೆರೆಯನ್ನೇ, ಉಪಗ್ರಹ ಚಿತ್ರದ ಮೇಲಿಟ್ಟು ನೋಡಿ. ನಿಮ್ಮ ಗೆರೆ ನೀರನ್ನು ಬಿಟ್ಟು ಮನೆಗಳ ಮೇಲೆ ಹಾದುಹೋದರೆ ಕಡತವನ್ನು ಯಾರಿಗೂ ಕಳಿಸಬೇಡಿ, ಅಳತೆಯ ಕಾಗದಗಳಿಗೆ ಮರಳಿ ಹೋಗಿ. ದೋಷ ತೋರಿಸಿದ ಸಾಲನ್ನೂ ಅದರ ಹಿಂದಿನ ಎರಡು ಸಾಲನ್ನೂ ಇಲ್ಲಿ ಹಾಕಿದರೆ ನಾನೂ ನೋಡುತ್ತೇನೆ.