ಗೆದ್ದ ಮೇಲೆ ಮೈಕಿನ ಮುಂದೆ ದೇವರ ಹೆಸರು

ಪತ್ರ: ಮುಂಬಯಿಯ ಮಾಟುಂಗದಲ್ಲಿ ನಡೆದ ದಾಸರಪದ ಸ್ಪರ್ಧೆಯಲ್ಲಿ ನಮ್ಮ ಮಹಿಳಾ ಭಜನಾ ಮಂಡಳಿಗೆ ಮೊದಲ ಬಹುಮಾನ ಬಂತು. ನಮ್ಮ ಅಧ್ಯಕ್ಷೆ ‘ಎಲ್ಲಾ ವಿಠಲನ ಕೃಪೆ, ನಮ್ಮದೇನೂ ಇಲ್ಲ’ ಎಂದಷ್ಟೇ ಹೇಳಿ ವೇದಿಕೆ ಇಳಿದರು. ತಬಲಾದವರು ಮುನಿಸಿಕೊಂಡಿದ್ದಾರೆ. ದೇವರನ್ನು ನೆನೆದದ್ದು ತಪ್ಪೇ? – ಓದುಗರೊಬ್ಬರು, ಡೊಂಬಿವಲಿ

ಉತ್ತರ: ನೆನೆದದ್ದು ಸರಿ, ಅಷ್ಟಕ್ಕೇ ಮೈಕು ಕೆಳಗಿಟ್ಟದ್ದು ಸರಿಯಲ್ಲ. ‘ನಮ್ಮದೇನೂ ಇಲ್ಲ’ ಎಂದು ತಮ್ಮ ಬಗ್ಗೆ ಹೇಳಿಕೊಳ್ಳಬಹುದು. ಪಕ್ಕದಲ್ಲಿ ನಿಂತವರ ಪಾಲನ್ನೂ ಸೇರಿಸಿ ಬಿಟ್ಟುಕೊಡುವ ಅಧಿಕಾರ ಅಧ್ಯಕ್ಷರಿಗಿಲ್ಲ.

ಕೇನೋಪನಿಷತ್ತಿನಲ್ಲಿ ದೇವತೆಗಳು ಗೆದ್ದು ‘ಈ ವಿಜಯ ನಮ್ಮದೇ’ ಎಂದು ಬೀಗುತ್ತಾರೆ. ಬ್ರಹ್ಮವೇ ಯಕ್ಷದ ರೂಪದಲ್ಲಿ ಬಂದು ಹುಲ್ಲುಕಡ್ಡಿ ಇಡುತ್ತದೆ. ಅಗ್ನಿಗೆ ಅದನ್ನು ಸುಡಲಾಗಲಿಲ್ಲ, ವಾಯುವಿಗೆ ಅಲುಗಿಸಲಾಗಲಿಲ್ಲ. ವಿಜಯ ಬ್ರಹ್ಮದ್ದೆಂದು ಉಮೆ ಇಂದ್ರನಿಗೆ ತಿಳಿಸುತ್ತಾಳೆ. ಹರಿಕಥೆಗಳು ಸಾಮಾನ್ಯವಾಗಿ ಇಲ್ಲಿಗೇ ಮಂಗಳ ಹಾಡಿಬಿಡುತ್ತವೆ. ಆದರೆ ಅದರ ಮುಂದಿನ ಮಂತ್ರದಲ್ಲೇ, ಯಕ್ಷದ ಹತ್ತಿರ ಹೋದದ್ದರಿಂದ ಅಗ್ನಿ, ವಾಯು, ಇಂದ್ರರು ಉಳಿದ ದೇವತೆಗಳಿಗಿಂತ ಮಿಗಿಲಾದರು ಎಂದು ಹೆಸರು ಹಿಡಿದು ಹೇಳಿದೆ. ಬ್ರಹ್ಮಕ್ಕೆ ಸಲ್ಲಬೇಕಾದದ್ದು ಸಂದ ಮೇಲೂ ಮೂವರ ಹೆಸರು ಅಳಿಯಲಿಲ್ಲ.

ಇನ್ನು ಮುಂದೆ ಸ್ಪರ್ಧೆಗೆ ಹೊರಡುವಾಗಲೇ ಒಂದು ಚೀಟಿ ಬರೆದು ಶ್ರುತಿಪೆಟ್ಟಿಗೆಯ ಜೊತೆಗಿಡಿ. ಮೊದಲ ಸಾಲು ದೇವರಿಗೆ: ‘ಹಾಡಿಸಿದವನು ವಿಠಲ.’ ಆಮೇಲೆ ಹಾರ್ಮೋನಿಯಂ, ತಬಲಾ, ತಾಳದವರು, ಪದ ಕಲಿಸಿದವರು – ಹೆಸರು ಸಹಿತ. ಒಂದು ನಿಮಿಷ ಸಾಕು. ಬಾಯಿಪಾಠ ನಂಬಬೇಡಿ, ಟ್ರೋಫಿ ಕೈಗೆ ಬಂದ ಗಡಿಬಿಡಿಯಲ್ಲಿ ಮೊದಲು ಮರೆಯುವುದೇ ಪಕ್ಕವಾದ್ಯದವರನ್ನು. ‘ದೇವರು ನಮ್ಮ ಕಡೆ ಇದ್ದ’ ಎಂಬ ಮಾತಂತೂ ಬೇಡ. ಸೋತ ಮಂಡಳಿಯವರೂ ಅದೇ ವಿಠಲನಿಗೇ ಹಾಡಿದ್ದರಲ್ಲ!

ಅಸಲಿಗೆ ದಾಸರಪದದಲ್ಲಿ ದೇವರಿಗೆ ಒಪ್ಪಿಸುವ ಕೆಲಸ ಹಾಡಿನೊಳಗೇ ಇದೆ. ಕೊನೆಯ ಚರಣದಲ್ಲಿ ಪುರಂದರವಿಠಲ, ಕಾಗಿನೆಲೆಯಾದಿಕೇಶವ ಎಂದು ಅಂಕಿತ ಬರುತ್ತದೆ. ರಚಿಸಿದವರೇ ತಮ್ಮ ಹೆಸರಿನ ಜಾಗವನ್ನು ದೇವರಿಗೆ ಕೊಟ್ಟಿದ್ದಾರೆ. ಸ್ಪರ್ಧೆಗಳಲ್ಲಿ ಕತ್ತರಿ ಬೀಳುವುದು ಈ ಅಂಕಿತದ ಚರಣಕ್ಕೇ. ಎಂಟು ನಿಮಿಷದ ಮಿತಿಯಲ್ಲಿ ಆಲಾಪಕ್ಕೇ ಎರಡು ನಿಮಿಷ, ಪ್ರತಿ ಚರಣಕ್ಕೂ ಪಲ್ಲವಿ ನಾಲ್ಕು ನಾಲ್ಕು ಸಲ. ಮೂರನೇ ಚರಣಕ್ಕೆ ಗಂಟೆ ಬಾರಿಸುತ್ತದೆ. ಆಲಾಪ ಅರ್ಧ ನಿಮಿಷಕ್ಕಿಳಿಸಿ, ಪಲ್ಲವಿ ಎರಡೇ ಸಲ ಸಾಕು. ಐದು ಚರಣದ ಪದವಾದರೆ ಒಂದು, ಮೂರು, ಐದು ಹಾಡಿ. ಅಂಕಿತ ಬಿಟ್ಟು ಹಾಡಿ, ಬಹುಮಾನ ಪಡೆದು, ಮೈಕಿನಲ್ಲಿ ‘ವಿಠಲನ ಕೃಪೆ’ ಎನ್ನುವುದು ನಮಗಂತೂ ಸರಿಕಾಣದು.

ತಬಲಾದವರಿಗೆ ಫೋನಿನಲ್ಲಿ ಸಮಾಧಾನ ಹೇಳಿ ಮುಗಿಸಬೇಡಿ. ಹೆಸರು ಬಿಟ್ಟುಹೋದದ್ದು ಸಭೆಯಲ್ಲಿ, ಹಾಗಾಗಿ ಮುಂದಿನ ಭಜನೆಯಲ್ಲಿ ಮಂಗಳಕ್ಕೆ ಮುಂಚೆ ಅಧ್ಯಕ್ಷೆಯೇ ಎದ್ದುನಿಂತು ಎಲ್ಲರ ಹೆಸರು ಹೇಳಲಿ. ‘ಗೆದ್ದರೆ ಕೊಲ್ಲೂರಿಗೆ ಬರುತ್ತೇವೆ’ ಎಂದು ಯಾರಾದರೂ ಹರಕೆ ಹೊತ್ತಿದ್ದರೆ ಖರ್ಚು ಅವರದೇ, ಬಹುಮಾನದ ಹಣದಿಂದಲ್ಲ.

ಅಂದು ಪಂಚಕಜ್ಜಾಯ ಹಂಚುವುದಾದರೆ ಅರವತ್ತು ಜನಕ್ಕೆ ಹುರಿದು ಪುಡಿ ಮಾಡಿದ ಕಡಲೆಬೇಳೆ ಅರ್ಧ ಕಿಲೋ, ಬೆಲ್ಲ ಅಷ್ಟೇ, ಒಣಕೊಬ್ಬರಿ ಕಾಲು ಕಿಲೋ, ಹುರಿದ ಎಳ್ಳು ನೂರು ಗ್ರಾಂ, ಏಲಕ್ಕಿ, ಎರಡು ಚಮಚ ತುಪ್ಪ. ಹಸಿ ಕಾಯಿ ಹಾಕಿದರೆ ಬೆಲ್ಲ ನೀರೊಡೆದು ಮುಂಬಯಿಯ ಸೆಕೆಗೆ ಸಂಜೆಯೊಳಗೆ ಹುಳಿ ವಾಸನೆ ಬರುತ್ತದೆ. ಹಸಿಯದೇ ಬೇಕೆಂದರೆ ಹಂಚುವ ಅರ್ಧ ಗಂಟೆ ಮುಂಚೆ ಬೆರೆಸಿ.