ಹುಟ್ಟಿದ ಊರು ಗೊತ್ತಿಲ್ಲದೆ ಬರ್ಲಿನ್‌ಗೆ ಬರೆಯಬೇಡಿ

ಪ್ರಶ್ನೆ: ಮದುವೆಯಾಗಿ ಜರ್ಮನಿಯಲ್ಲಿದ್ದೇನೆ. ನಮ್ಮ ಯಜಮಾನರ ತಾತ ಎರಡನೇ ಮಹಾಯುದ್ಧದಲ್ಲಿ ಸೈನಿಕರಾಗಿದ್ದರಂತೆ. ಮನೆಯಲ್ಲಿ ಅವರ ಫೋಟೊ, ಕೊರಳಿನ ಬಿಲ್ಲೆ, ನಾಲ್ಕು ಕಾಗದ ಇವೆ. ದಾಖಲೆಗಳೆಲ್ಲ ಬಾಂಬಿಗೆ ಸುಟ್ಟುಹೋದವು ಅನ್ನುತ್ತಾರೆ. ಅವರು ಎಲ್ಲೆಲ್ಲಿದ್ದರು ಎಂದು ತಿಳಿಯಬಹುದೇ?

ಉತ್ತರ: ಈ ‘ಸುಟ್ಟುಹೋದವು’ ಕೇಳಿ ಕೇಳಿ ಸಾಕಾಗಿದೆ. 1945ರ ಏಪ್ರಿಲ್‌ನಲ್ಲಿ ಪೋಟ್ಸ್‌ಡಾಮ್‌ನ ಸೇನಾ ಪತ್ರಾಗಾರ ಸುಟ್ಟಾಗ ಮುಖ್ಯವಾಗಿ ಹಾಳಾದದ್ದು ಪ್ರಷ್ಯದ ಸೈನ್ಯದ ಕಡತಗಳು, ಅಂದರೆ ಮೊದಲ ಮಹಾಯುದ್ಧದವು. ಎರಡನೆಯದರಲ್ಲಿ ಹೋರಾಡಿದ ವೆರ್‌ಮಾಕ್ಟ್ (ಅಂದಿನ ಜರ್ಮನ್ ಸೇನೆ) ಸೈನಿಕರ 1.8 ಕೋಟಿಗೂ ಹೆಚ್ಚು ಕಾರ್ಡ್‌ಗಳು ಬರ್ಲಿನ್‌ನಲ್ಲಿ ಇವತ್ತಿಗೂ ಇವೆ. ಅವನ್ನು ಇಟ್ಟುಕೊಂಡಿದ್ದ ಕಚೇರಿ 2019ರ ಜನವರಿ 1ರಿಂದ ಬುಂಡೆಸ್‌ಆರ್ಕೀವ್ ಎಂಬ ಕೇಂದ್ರ ಪತ್ರಾಗಾರಕ್ಕೆ ಸೇರಿದೆ. ಹಳೇ ಪುಸ್ತಕ ನೋಡಿ ಹಳೇ ಹೆಸರಿಗೆ ಬರೆಯುವುದನ್ನು ಇನ್ನಾದರೂ ಬಿಡಿ.

ಅರ್ಜಿಗೆ ಬೇಕಾದದ್ದು ಮೂರು: ಪೂರ್ತಿ ಹೆಸರು, ಹುಟ್ಟಿದ ತಾರೀಖು, ಹುಟ್ಟಿದ ಊರು. ಒಂದೇ ಹೆಸರಿನವರು ಸಾವಿರಾರು ಜನ ಇರುವಾಗ ಬರೀ ಹೆಸರು ಕಳಿಸಿದರೆ ಹುಡುಕುವವರು ಏನು ಮಾಡಬೇಕು? ಊರಿನ ಹೆಸರೂ ಮೋಸ ಮಾಡುತ್ತದೆ. ನಾಯ್‌ಸ್ಟಾಟ್ ಎಂಬ ಊರು ಒಂದಲ್ಲ, ಹತ್ತಾರು. ಯಾವ ಜಿಲ್ಲೆಯದು ಎಂದು ಬರೆಯಿರಿ. ಬ್ರೆಸ್ಲಾವ್ ಈಗ ಪೋಲೆಂಡಿನ ವ್ರೋಟ್ಸ್‌ವಾಫ್. ಅರ್ಜಿಯಲ್ಲಿ ಅಂದಿನ ಹೆಸರೇ ಇರಲಿ. ತಾರೀಖು ಗೊತ್ತಿಲ್ಲದಿದ್ದರೆ ಮದುವೆಯ ನೋಂದಣಿ ಪತ್ರ ತೆಗೆಸಿ, ಅದರಲ್ಲಿ ಸಿಗುತ್ತದೆ.

ಮರಣ ಪತ್ರದ ನಕಲನ್ನು ಮರೆಯದೆ ಲಗತ್ತಿಸಿ. ವ್ಯಕ್ತಿ ತೀರಿಕೊಂಡು 10 ವರ್ಷ ಆಗುವವರೆಗೆ, ತೀರಿದ ವರ್ಷ ಗೊತ್ತಿಲ್ಲದಿದ್ದರೆ ಹುಟ್ಟಿ 100 ವರ್ಷ ಆಗುವವರೆಗೆ ಅಲ್ಲಿನ ಕಾನೂನು ಇಂಥ ದಾಖಲೆಗೆ ಬೀಗ ಹಾಕಿರುತ್ತದೆ. ಅರ್ಜಿಯನ್ನು ಮೊಮ್ಮಗನೇ ಸಹಿ ಮಾಡಿ ಕಳಿಸಲಿ, ಸಂಬಂಧ ತೋರಿಸುವ ಪತ್ರವೂ ಜೊತೆಗಿರಲಿ. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು. ನಡುವೆ ವಾರಕ್ಕೊಂದು ಜ್ಞಾಪನಾ ಪತ್ರ ಬರೆದರೆ ಸರದಿ ಮುಂದೆ ಬರುವುದಿಲ್ಲ.

ಇನ್ನು ಕೊರಳಿನ ಗುರುತಿನ ಬಿಲ್ಲೆ. ಸೈನಿಕ ಸತ್ತರೆ ಅದರ ಕೆಳಗಿನ ಅರ್ಧವನ್ನು ಮುರಿದು ಒಯ್ಯುತ್ತಿದ್ದರು. ಬಿಲ್ಲೆಯ ಮೇಲಿರುವುದು ಅದನ್ನು ಕೊಟ್ಟ ತುಕಡಿಯ ಹೆಸರು, ಬಹಳ ಸಲ ತರಬೇತಿಯ ತುಕಡಿ. ತಾತ ಹೋರಾಡಿದ್ದು ಅದರಲ್ಲೇ ಎಂದು ತೀರ್ಮಾನಿಸಿದವರು ವರ್ಷಗಟ್ಟಲೆ ತಪ್ಪು ಕಡತ ಓದಿದ್ದಾರೆ. ಆದರೆ ತುಕಡಿಗಳು ಬಿಲ್ಲೆಗಳ ಪಟ್ಟಿ ಮಾಡಿ, ಬಂದವರು ಹೋದವರ ವರದಿಯನ್ನು ಕಾರ್ಡ್‌ಗಳಿದ್ದ ಆ ಕಚೇರಿಗೆ ಕಳಿಸುತ್ತಿದ್ದವು. ಆದ್ದರಿಂದ ಬಿಲ್ಲೆಯ ಎರಡೂ ಬದಿಯ ಫೋಟೊ ಅರ್ಜಿಯ ಜೊತೆ ಹೋಗಲಿ. ತಿಕ್ಕಿ ಪಾಲಿಶ್ ಮಾಡಬೇಡಿ, ಅಕ್ಷರ ಅಳಿಸಿಹೋಗುತ್ತದೆ.

ಕಾಗದದ ಮೇಲಿನ ಐದಂಕಿಯ ಫೆಲ್ಡ್‌ಪೋಸ್ಟ್ (ಸೇನಾ ಅಂಚೆ) ಸಂಖ್ಯೆ ತುಕಡಿಯದು, ತಾತನದಲ್ಲ. ಒಂದೇ ಸಂಖ್ಯೆ ಮುಂದೆ ಬೇರೆ ತುಕಡಿಗೆ ಹೋದದ್ದೂ ಉಂಟು. ಕಾಗದದ ತಾರೀಖಿನ ಜೊತೆ ಸೇರಿಸಿ ಓದಿದರೆ ಮಾತ್ರ ಅದಕ್ಕೆ ಬೆಲೆ. ಲಕೋಟೆ ಎಸೆದು ಕಾಗದ ಮಾತ್ರ ಇಟ್ಟುಕೊಂಡವರಿಗೆ ಏನು ಹೇಳಲಿ!

ತುಕಡಿ ಗೊತ್ತಾದ ಮೇಲೆ ಫ್ರೈಬುರ್ಗ್‌ನ ಸೇನಾ ಪತ್ರಾಗಾರದಲ್ಲಿ ಡಿವಿಷನ್ನಿನ ಯುದ್ಧ ದಿನಚರಿ ನೋಡಿ. ಕೇಳಬೇಕಾದ ಕಡತದ ಗುರುತು ಕಾಲಾಳು ಡಿವಿಷನ್ನುಗಳಿಗೆ ಆರ್‌ಎಚ್ 26, ಟ್ಯಾಂಕ್ ಡಿವಿಷನ್ನುಗಳಿಗೆ ಆರ್‌ಎಚ್ 27. ಸಾಮಾನ್ಯ ಸಿಪಾಯಿಯ ಹೆಸರು ಅಲ್ಲಿ ಸಿಗುವುದು ಅಪರೂಪ. ಆ ದಿನ ತುಕಡಿ ಎಲ್ಲಿತ್ತು, ಏನು ಮಾಡಿತು ಎಂಬುದು ಸಿಗುತ್ತದೆ. ಕೊನೆಯ ತಿಂಗಳುಗಳ ದಿನಚರಿ ಬಹುಪಾಲು ಇಲ್ಲ. ಓದುವ ಮೊದಲು ಮನೆಯವರನ್ನು ಸಿದ್ಧಪಡಿಸಿ. ‘ನಮ್ಮಜ್ಜ ಬರೀ ಅಡುಗೆಯವರು’ ಎಂಬ ಮಾತಿಗೆ ದಿನಚರಿಯಲ್ಲಿ ಸುಟ್ಟ ಹಳ್ಳಿಗಳ ಹೆಸರು ಎದುರಾಗಬಹುದು.

ಪ್ರಶ್ನೆ: ನಮ್ಮಜ್ಜ ಆಜಾದ್ ಹಿಂದ್ ಫೌಜಿನಲ್ಲಿ ಇಂಫಾಲದವರೆಗೆ ಹೋಗಿದ್ದರು. ಬರ್ಲಿನ್‌ನಲ್ಲಿ ದಾಖಲೆ ಸಿಗುತ್ತದೆಯೇ?

ಉತ್ತರ: ಇಲ್ಲ. ಅದು ಜಪಾನಿನ ಕಡೆಯ ಫೌಜು. ಜರ್ಮನ್ ಸೈನ್ಯದಲ್ಲಿದ್ದದ್ದು ಬೇರೆ ದಳ: ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಭಾರತೀಯ ಸಿಪಾಯಿಗಳಿಂದ ಕಟ್ಟಿದ 950ನೇ ರೆಜಿಮೆಂಟ್.

ಪ್ರಶ್ನೆ: ಫೋಟೊ ಕಳಿಸಿದರೆ ತಾತನ ಇಡೀ ಯುದ್ಧ ಚರಿತ್ರೆ ಬರೆದುಕೊಡುತ್ತೇವೆ ಎನ್ನುವವರನ್ನು ನಂಬಬಹುದೇ?

ಉತ್ತರ: ಫೋಟೊದಲ್ಲಿ ದರ್ಜೆ ಕಾಣುತ್ತದೆ, ಕೆಲವೊಮ್ಮೆ ಪದಕ. ಉಳಿದದ್ದು ಕತೆ, ಅದಕ್ಕೆ ದುಡ್ಡು ಕೊಡಬೇಡಿ.

ಪ್ರಶ್ನೆ: ಬೆಲ್ಟಿನ ಬಕಲ್ ಮೇಲೆ ‘ಗಾಟ್ ಮಿಟ್ ಉನ್ಸ್’ (ದೇವರು ನಮ್ಮೊಂದಿಗೆ) ಎಂದಿದೆ. ಯಾವ ತುಕಡಿ?

ಉತ್ತರ: ಭೂಸೇನೆಯ ಲಕ್ಷಾಂತರ ಸಿಪಾಯಿಗಳ ಬೆಲ್ಟಿನಲ್ಲೂ ಅದೇ ಇತ್ತು.