ಲಿನಕ್ಸ್ ಬಳಸುವುದು ಸುಲಭವೇ?

ಪ್ರಶ್ನೆ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನನ್ನ ಕಂಪ್ಯೂಟರಿನಲ್ಲಿ ಟಿಪಿಎಂ 2.0 ಎಂಬ ಭದ್ರತಾ ಘಟಕ ಇಲ್ಲದ ಕಾರಣ ಅದು ವಿಂಡೋಸ್ 11ಕ್ಕೆ ಅರ್ಹವಲ್ಲ. ಗೆಳೆಯರೊಬ್ಬರು ವಿಂಡೋಸ್ ಬದಲು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಳ್ಳಿ ಎನ್ನುತ್ತಾರೆ. ಇನ್ನೊಬ್ಬರು, ಅದರಲ್ಲಿ ಎಲ್ಲಕ್ಕೂ ಕಪ್ಪು ಪರದೆಯಲ್ಲಿ ಆಜ್ಞೆಗಳನ್ನು ಟೈಪಿಸಬೇಕೆಂದು ಹೆದರಿಸುತ್ತಾರೆ. ಪತ್ರ ಬರೆಯುವುದು, ಲೆಕ್ಕದ ಹಾಳೆ, ಇಮೇಲ್, ಅಂತರಜಾಲ, ಇವಿಷ್ಟೇ ನನ್ನ ಕೆಲಸ. ಯಾರ ಮಾತು ಸರಿ?

ಉತ್ತರ: ನೀವು ಹೇಳಿರುವ ಕೆಲಸಗಳ ಮಟ್ಟಿಗೆ ಮೊದಲನೆಯ ಗೆಳೆಯರ ಮಾತೇ ಸರಿ. ಎರಡನೆಯವರ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. ಆದರೆ 2004ರಲ್ಲಿ ಉಬುಂಟು, 2006ರಲ್ಲಿ ಲಿನಕ್ಸ್ ಮಿಂಟ್ ಎಂಬ ಡಿಸ್ಟ್ರೊಗಳು (ಬಳಕೆಗೆ ಸಿದ್ಧಪಡಿಸಿದ ಲಿನಕ್ಸ್ ರೂಪಗಳು) ಬಂದ ಮೇಲೆ ಪರಿಸ್ಥಿತಿ ಬಹಳ ಬದಲಾಗಿದ್ದು, ದಿನನಿತ್ಯದ ಬಳಕೆಯಲ್ಲಿ ಟರ್ಮಿನಲ್, ಅಂದರೆ ಆಜ್ಞೆ ಟೈಪಿಸುವ ಆ ಕಪ್ಪು ಪರದೆ, ತೆರೆಯಬೇಕಾದ ಪ್ರಸಂಗ ಈಗ ಅಪರೂಪ.

‘ಸುಲಭ’ ಎಂದು ನಾವು ಕರೆಯುವುದರಲ್ಲಿ ಬಹುಪಾಲು ಬರಿಯ ರೂಢಿ. 2012ರಲ್ಲಿ ವಿಂಡೋಸ್ 8 ಸ್ಟಾರ್ಟ್ ಗುಂಡಿಯನ್ನೇ ತೆಗೆದುಹಾಕಿದಾಗ, ವರ್ಷಗಟ್ಟಲೆ ವಿಂಡೋಸ್ ಬಳಸಿದ್ದವರೂ ಕಂಪ್ಯೂಟರನ್ನು ಆಫ್ ಮಾಡುವುದು ಹೇಗೆಂದು ತಡಕಾಡಿದ್ದರು. ಮಿಂಟ್‌ನ ಸಿನಮನ್ ಡೆಸ್ಕ್‌ಟಾಪಿನಲ್ಲಿ (ಮೆನು, ಕಿಟಕಿಗಳಿರುವ ಪರದೆಯ ವಿನ್ಯಾಸಕ್ಕೆ ಡೆಸ್ಕ್‌ಟಾಪ್ ಎನ್ನುತ್ತಾರೆ) ಮೆನು ಪರದೆಯ ಕೆಳಗಿನ ಎಡಮೂಲೆಯಲ್ಲೂ ಗಡಿಯಾರ ಬಲಮೂಲೆಯಲ್ಲೂ ಇರುವುದರಿಂದ, ವಿಂಡೋಸ್ 10 ಬಳಸಿದ ಕೈಗೆ ಅದು ಬೇಗ ಒಗ್ಗುತ್ತದೆ.

ತಂತ್ರಾಂಶ ಹಾಕಿಕೊಳ್ಳುವ ವಿಷಯದಲ್ಲಿ ಲಿನಕ್ಸ್ ಒಂದು ಹೆಜ್ಜೆ ಮುಂದಿದೆ ಎಂದೇ ನನ್ನ ಅಭಿಪ್ರಾಯ. ಜಾಲತಾಣಗಳನ್ನು ಅಲೆದು, ನಕಲಿ ಡೌನ್‌ಲೋಡ್ ಗುಂಡಿಗಳನ್ನು ತಪ್ಪಿಸಿಕೊಂಡು ಹುಡುಕುವ ಬದಲು, ಡಿಸ್ಟ್ರೊದವರೇ ನಿರ್ವಹಿಸುವ ಭಂಡಾರದಿಂದ ಬೇಕಾದುದನ್ನು ಆರಿಸಿಕೊಳ್ಳಬಹುದು; ಹಾಗೆ ಪಡೆದ ತಂತ್ರಾಂಶಗಳೆಲ್ಲ ವ್ಯವಸ್ಥೆಯ ಜೊತೆಗೇ ಒಟ್ಟಾಗಿ ಅಪ್‌ಡೇಟ್ ಆಗುತ್ತವೆ.

ತೊಡಕು ಬರುವುದು ಯಂತ್ರಾಂಶದ ಕಡೆಯಿಂದ. ವಿಂಡೋಸ್ ಮತ್ತು ಮ್ಯಾಕ್ಓಎಸ್ ಸಾಮಾನ್ಯವಾಗಿ ಕಂಪ್ಯೂಟರಿನ ಜೊತೆಗೇ ಬರುವುದರಿಂದ ಯಂತ್ರಾಂಶವನ್ನು ನಡೆಸುವ ಡ್ರೈವರ್ ತಂತ್ರಾಂಶಗಳನ್ನು ಹೊಂದಿಸುವ ಕೆಲಸವನ್ನು ತಯಾರಕರು ಮೊದಲೇ ಮುಗಿಸಿರುತ್ತಾರೆ. ಲಿನಕ್ಸ್ ಹಾಕಿಕೊಳ್ಳುವವರು ಆ ಹೊಣೆಯನ್ನು ತಾವೇ ಹೊರಬೇಕು. ಬಹಳಷ್ಟು ಸಲ ಎಲ್ಲವೂ ತಾನಾಗಿ ನಡೆಯುತ್ತದೆ, ಆದರೆ ಕೆಲವು ವೈ-ಫೈ ಚಿಪ್‌ಗಳು ಮತ್ತು ಬೆರಳಚ್ಚು ಓದುವ ಸಾಧನಗಳು ಹಟ ಹಿಡಿಯುವುದುಂಟು. ನಿಮ್ಮ ಗೆಳೆಯರು ಹೆದರಿಸಿದ ಕಪ್ಪು ಪರದೆ ಎದುರಾಗುವುದು ಆಗಲೇ. ಡೆಸ್ಕ್‌ಟಾಪಿನಿಂದ ಡೆಸ್ಕ್‌ಟಾಪಿಗೆ ಮೆನುಗಳು ಬೇರೆಯಾದರೂ ಆಜ್ಞೆಗಳು ಬಹುತೇಕ ಒಂದೇ ಆಗಿರುವುದರಿಂದ, ನೆರವಿಗೆ ಬರುವವರು ಪರಿಹಾರವನ್ನು ಆಜ್ಞೆಯ ರೂಪದಲ್ಲೇ ಬರೆದುಕೊಡುತ್ತಾರೆ. ಅರ್ಥವಾಗದ ಆಜ್ಞೆಯನ್ನು ನಕಲಿಸಿ ಅಂಟಿಸಬೇಡಿ.

ಪತ್ರಗಳಿಗೆ ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶ ಸಾಕು. ವರ್ಡ್‌ನ ಕಡತಗಳನ್ನು ಅದು ತೆರೆಯುತ್ತದೆ, ಆದರೆ ಕ್ಯಾಲಿಬ್ರಿ ಮುಕ್ತ ಫಾಂಟ್ ಅಲ್ಲದ ಕಾರಣ ಅದರ ಬದಲಿಗೆ ಬೇರೊಂದು ಫಾಂಟ್ ಬಂದು ಕೂರುತ್ತದೆ. ಅಕ್ಷರಗಳ ಅಗಲದಲ್ಲಿ ಕ್ಯಾಲಿಬ್ರಿಗೆ ಸಮನಾದ ಕಾರ್ಲಿಟೊ ಫಾಂಟ್ ಇದ್ದರೆ ಸಾಲುಗಳು ಇದ್ದಲ್ಲೇ ಇರುತ್ತವೆ. ಇಲ್ಲದಿದ್ದರೆ ಒಂದೇ ಪುಟದಲ್ಲಿ ಮುಗಿಯಬೇಕಾದ ಪತ್ರದ ಸಹಿ ಎರಡನೆಯ ಪುಟಕ್ಕೆ ಜಾರಬಹುದು. ಎಕ್ಸೆಲ್ ಹಾಳೆಗಳಲ್ಲಿ ಮ್ಯಾಕ್ರೋಗಳಿದ್ದರೆ (ಕೆಲಸಗಳನ್ನು ತಾನಾಗಿ ಮಾಡಿಸುವ ಪುಟ್ಟ ಪ್ರೋಗ್ರಾಂಗಳು) ಅವು ಹಾಗೆಯೇ ಕೆಲಸ ಮಾಡುತ್ತವೆಂದು ನಂಬಿ ಕೂರದೆ ಒಂದೊಂದನ್ನೂ ಪರೀಕ್ಷಿಸಿ ನೋಡಬೇಕು.

ಪ್ರಶ್ನೆ: ಇಷ್ಟೊಂದು ಡಿಸ್ಟ್ರೊಗಳಲ್ಲಿ ಯಾವುದನ್ನು ಆರಿಸಿಕೊಳ್ಳುವುದು?

ಉತ್ತರ: ಹೊಸಬರಿಗೆ ಮಿಂಟ್ ಅಥವಾ ಎರಡು ವರ್ಷಕ್ಕೊಮ್ಮೆ ಬರುವ ಉಬುಂಟುವಿನ ದೀರ್ಘ ಬೆಂಬಲದ ಆವೃತ್ತಿ ಸಾಕು, ಉಳಿದ ಚರ್ಚೆ ಬಹುಮಟ್ಟಿಗೆ ಹವ್ಯಾಸಿಗಳ ಸಂತೋಷಕ್ಕೆ. ಆರಿಸಿಕೊಂಡದ್ದನ್ನು ಪೆನ್‌ಡ್ರೈವ್‌ಗೆ ಬರೆದು, ಹಾರ್ಡ್‌ಡಿಸ್ಕನ್ನು ಮುಟ್ಟದೆ ಅದರಿಂದಲೇ ಕಂಪ್ಯೂಟರನ್ನು ಚಾಲೂ ಮಾಡಬಹುದು. ವೇಗ ತುಸು ಕಡಿಮೆ ಎನಿಸಿದರೆ ಅದು ಪೆನ್‌ಡ್ರೈವಿನ ಮಿತಿ. ವೈ-ಫೈ ಸಿಗುತ್ತದೆಯೇ, ಧ್ವನಿ ಕೇಳಿಸುತ್ತದೆಯೇ, ಮುಚ್ಚಳ ಮುಚ್ಚಿ ತೆರೆದಾಗ ಲ್ಯಾಪ್‌ಟಾಪ್ ಎಚ್ಚರಗೊಳ್ಳುತ್ತದೆಯೇ ಎಂಬುದನ್ನು ನೋಡಿ, ನಿಮ್ಮದೇ ಪ್ರಿಂಟರಿನಲ್ಲಿ ಒಂದು ಪುಟ ಮುದ್ರಿಸಿ. ಇವೆಲ್ಲ ಸರಿಯಾದ ಮೇಲೆ, ಕಡತಗಳ ಪ್ರತಿಯೊಂದನ್ನು ಬೇರೆಡೆ ಉಳಿಸಿಕೊಂಡು, ಇನ್‌ಸ್ಟಾಲ್ ಗುಂಡಿಯನ್ನು ಒತ್ತಿ.